‘ಕೈಂಡ್ ಆಫ್ ಬ್ಲೂ’ ಮುದ್ರಿಕೆಯೂ ರಾಗಸಾದೃಶ್ಯದ ವಾದವೂ

ಅಮೆರಿಕದ ಜಾಸ್ ಸಂಗೀತದ ಧ್ವನಿಮುದ್ರಿಕೆಗಳಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸನ (1926-1991) ‘ಕೈಂಡ್ ಆಫ್ ಬ್ಲೂ’ ಎಂಬುದಕ್ಕೆ ದೊರೆತಷ್ಟು ಪ್ರಸಿದ್ಧಿ ಮತ್ತೊಂದಕ್ಕೆ ದೊರೆತಿರುವುದು ವಿರಳ. 1959ನೆಯ ಇಸವಿ ಮಾರ್ಚ್ 2 ಮತ್ತು ಏಪ್ರಿಲ್ 22ನೆಯ ತಾರೀಖುಗಳಂದು, ನ್ಯೂಯಾರ್ಕ್ ನಗರದ 30ನೆಯ ಬೀದಿಯಲ್ಲಿ, ಹಿಂದೆ ಚರ್ಚಾಗಿದ್ದು ಅನಂತರ ಕೊಲಂಬಿಯ ಸಂಸ್ಥೆಯ ಧ್ವನಿಮುದ್ರಣ ಮಂದಿರವಾದ ಕಟ್ಟಡದಲ್ಲಿ ಇದು ಸಿದ್ಧವಾಯಿತು. ಅದೇ ವರ್ಷದ ಆಗಸ್ಟ್ 17ರಂದು ಪ್ರಕಟವಾಯಿತು. ಇದರಲ್ಲಿರುವ ಕೃತಿಗಳು ಐದು. ಒಟ್ಟು ಕಾಲ ಸುಮಾರು 46 ನಿಮಿಷ. ಇದರ ವಿಷಯದಲ್ಲಿ ಒಂದು ಮಾತು ಬಹುಕಾಲದಿಂದ ರೂಢಿಯಲ್ಲಿದೆ: ಇಲ್ಲಿ ಜಾಸ್ ತನ್ನ ಹಳೆಯ ಮಾರ್ಗವನ್ನು ಬಿಟ್ಟು ಭಾರತೀಯ ರಾಗಪದ್ಧತಿಯ ಸಮೀಪಕ್ಕೆ ಬಂದಿತು, ಎಂದು. ಪಾಶ್ಚಾತ್ಯರು ಇದನ್ನು ಕುತೂಹಲದಿಂದ ಹೇಳುತ್ತಾರೆ. ನಮ್ಮವರು ಸ್ವಲ್ಪ ಅಭಿಮಾನದಿಂದ ಹೇಳುತ್ತಾರೆ. ಇಬ್ಬರೂ ಮುದ್ರಿಕೆಯನ್ನು ಇಡಿಯಾಗಿ ಎತ್ತಿಕೊಂಡು ಮಾತನಾಡುತ್ತಾರೆಯೇ ಹೊರತು ಐದು ಕೃತಿಗಳನ್ನೂ ಒಂದೊಂದಾಗಿ ಕೇಳಿ ಪರೀಕ್ಷಿಸುವುದು ಅಪರೂಪ. ಪ್ರಸ್ತುತ ಲೇಖನದಲ್ಲಿ ಆ ಕೆಲಸವನ್ನು ಕೈಕೊಳ್ಳಲು ನಾವು ಉದ್ದೇಶಿಸಿದ್ದೇವೆ. ರಾಗಲಕ್ಷಣವನ್ನು ಬಲ್ಲ ಕನ್ನಡ ವಾಚಕರಿಗೆ ಈ ಪರೀಕ್ಷೆ ಬೇರೆಯವರಿಗಿಂತ ಸುಲಭವಾದುದು. ಏಕೆಂದರೆ ಅಳತೆಗೋಲು ಅವರ ಕೈಯಲ್ಲಿಯೇ ಇದೆ.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. 1940ರಿಂದ ಈಚಿನ ಜಾಸ್ ವಾದಕರು ಹಲವು ಸ್ವರಗಳನ್ನು ಏಕಕಾಲದಲ್ಲಿ ಹಿಡಿಯುವ ಸ್ವರಗುಚ್ಛಗಳ ಸಾಲನ್ನು ಆಧಾರವಾಗಿಟ್ಟುಕೊಂಡು ಅದರ ಮೇಲೆ ಮನೋಧರ್ಮವನ್ನು ತೋರುತ್ತಿದ್ದರು. ಗುಚ್ಛಗಳು ಬಹಳ ಬೇಗ ಬದಲಾಗುತ್ತಿದ್ದುವು. ಹೀಗಾಗಿ ವಾದಕನ ಬುದ್ಧಿಯೆಲ್ಲ ಮುಂದಿನ ಗುಚ್ಛಕ್ಕೆ ಹೊಂದಿಕೊಳ್ಳುವುದರಲ್ಲಿಯೇ ವ್ಯಯವಾಗುತ್ತಿತ್ತೆಂದು ಕೆಲವರಿಗೆ ತೋರಿತು. ಜಾರ್ಜ್ ರಸೆಲ್ 1953ರಲ್ಲಿ ಪ್ರಕಟಿಸಿದ ಶಾಸ್ತ್ರಗ್ರಂಥವು ಗುಚ್ಛಕ್ಕೆ ಬದಲಾಗಿ ಸ್ವರಶ್ರೇಣಿಯನ್ನು ಮುಂದಿಟ್ಟಿತು. ಡೇವಿಸನು 1958ರ ‘ಮೈಲ್‌ಸ್ಟೋನ್ಸ್’ ಎಂಬ ಕೃತಿಯಲ್ಲಿ ಎರಡೇ ಸ್ವರಶ್ರೇಣಿಗಳನ್ನು ಇಟ್ಟುಕೊಂಡು ನಡೆದನು.

ಇವೆರಡರ ನಡುವೆ ಒಂದು ಚಲನಚಿತ್ರವಿದೆ. ಅದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಲೂಯಿ ಮಾಲ್ ಎಂಬ ಫ್ರೆಂಚ್ ನಿರ್ದೇಶಕನ ‘ಆಸಾಂಸರ್ ಪೂರ್ ಲೆಷಫೊ’ ಎಂಬ ಚಿತ್ರಕ್ಕೆ ಡೇವಿಸನು 1957ರ ಡಿಸೆಂಬರ್ 4-5ರ ರಾತ್ರಿ ಪ್ಯಾರಿಸ್ಸಿನಲ್ಲಿ ಹಿನ್ನೆಲೆ ಸಂಗೀತವನ್ನು ನುಡಿಸಿದನು. ಬರೆದಿಟ್ಟ ಕೃತಿಗಳಿರಲಿಲ್ಲ. ಚಿತ್ರದ ದೃಶ್ಯಗಳನ್ನು ತೆರೆಯ ಮೇಲೆ ಮತ್ತೆ ಮತ್ತೆ ತೋರಿಸುತ್ತಿದ್ದರು; ವಾದಕರು ಡೇವಿಸನು ಹೇಳಿದ ಕೆಲವೇ ಗುಚ್ಛಗಳನ್ನು ಹಿಡಿದು ದೃಶ್ಯವನ್ನು ನೋಡುತ್ತ ನುಡಿಸುತ್ತಿದ್ದರು. ರಾತ್ರಿಯ ಪ್ಯಾರಿಸ್ಸಿನ ಬೀದಿಗಳಲ್ಲಿ ನಟಿ ಝಾನ್ ಮೊರೊ ಒಬ್ಬಳೇ ಅಲೆಯುವ ಭಾಗವನ್ನು ನೋಡಿದವರಿಗೆ, ಅವಕಾಶವೇ ಹೆಚ್ಚಾಗಿ ಸ್ವರವೇ ಕಡಿಮೆಯಾದ ಆ ವಾದನವು ಮುಂದಿನ ಮುದ್ರಿಕೆಯ ಬೀಜವೆಂದು ಹೊಳೆಯದಿರದು. ಆದರೆ ಅಲ್ಲಿ ವಾದನದ ದೈರ್ಘ್ಯವನ್ನು ನಿರ್ಣಯಿಸತಕ್ಕದ್ದು ದೃಶ್ಯ. ಈ ಸಂಗತಿ ನೆನಪಿನಲ್ಲಿರಲಿ. ಐದನೆಯ ಕೃತಿಯಲ್ಲಿ ಇದರ ಪ್ರಯೋಜನವಿದೆ.

ಈಗ ಮುದ್ರಿಕೆಗೆ ಬರೋಣ. ಮೊದಲನೆಯ ಕೃತಿ ‘ಸೋ ವಾಟ್’. ಪಿಯಾನೊ ಮತ್ತು ದೊಡ್ಡ ಬಾಸ್ ವಾದ್ಯಗಳ ಚಿಕ್ಕ ಪೀಠಿಕೆಯಾದ ಬಳಿಕ ಪಾಲ್ ಚೇಂಬರ್ಸನ ಬಾಸ್ ವಾದ್ಯವೇ ಪಲ್ಲವಿಯನ್ನು ನುಡಿಯುತ್ತದೆ. ಪಿಯಾನೊ, ಅನಂತರ ಊದುವ ವಾದ್ಯಗಳು, ಎರಡೇ ಪೆಟ್ಟುಗಳಲ್ಲಿ ಉತ್ತರ ಕೊಡುತ್ತವೆ. ಸಾಮಾನ್ಯವಾಗಿ ಹಿಂದೆ ನಿಂತು ಆಧಾರ ಕೊಡತಕ್ಕ ವಾದ್ಯ ಮುಂದೆ ಬಂದು ಮಾತನಾಡುವ ಈ ಸನ್ನಿವೇಶ ಬಹಳ ಸೊಗಸಾದುದು. ನಾಲ್ಕು ಮಾತ್ರೆಗಳ ಘಟಕವನ್ನು ಅವರು ಬಾರ್ ಎನ್ನುತ್ತಾರೆ. ಈ ಕೃತಿಯ ಒಂದು ಆವರ್ತಕ್ಕೆ 32 ಬಾರ್‌ಗಳು: ಮೊದಲ 16ರಲ್ಲಿ ಡಿ ಎಂಬ ಸ್ವರವನ್ನು ಷಡ್ಜವಾಗಿಟ್ಟ ಶ್ರೇಣಿ, ಮುಂದಿನ 8ರಲ್ಲಿ ಅದಕ್ಕಿಂತ ಅರ್ಧಸ್ವರ ಮೇಲಿನ ಇ ಫ್ಲ್ಯಾಟನ್ನು ಷಡ್ಜವಾಗಿಟ್ಟ ಅದೇ ಶ್ರೇಣಿ, ಕಡೆಯ 8ರಲ್ಲಿ ಪುನಃ ಡಿ. ಶ್ರೇಣಿಯ ಸ್ವರಗಳನ್ನು ನಮ್ಮ ಹೆಸರಿನಿಂದ ಕರೆದರೆ ಅದು 22ನೆಯ ಮೇಳಕರ್ತ, ಖರಹರಪ್ರಿಯ.

ರಾಗಸಾದೃಶ್ಯದ ವಾದ ಹುಟ್ಟಿದ್ದು ಇಲ್ಲಿಯೇ. ಒಂದು ಶ್ರೇಣಿಯಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚಾಗಿ ನಿಲ್ಲುವುದು ಅಂದಿನ ಜಾಸ್ ಕಿವಿಗೆ ಅಪೂರ್ವವಾಗಿತ್ತೆಂಬುದು ನಿಜ. ಆದರೆ ನಡುವಣ ಎಂಟು ಬಾರ್‌ಗಳನ್ನು ಗಮನಿಸಬೇಕು. ಅಲ್ಲಿ ಷಡ್ಜವೇ ಮೇಲಕ್ಕೆ ಸರಿಯುತ್ತದೆ. ನಮ್ಮಲ್ಲಿ ಗ್ರಹಭೇದವೆಂಬ ಚಮತ್ಕಾರವಿದೆಯಷ್ಟೆ. ಅಲ್ಲಿ ಸ್ವರಸ್ಥಾನಗಳು ಇದ್ದಲ್ಲಿಯೇ ಇದ್ದು ಷಡ್ಜದ ಭಾವನೆ ಮಾತ್ರ ಸ್ಥಳಾಂತರ ಹೊಂದುವುದರಿಂದ ಬೇರೆ ರಾಗ ತೋರುತ್ತದೆ. ಇಲ್ಲಿ ನಡೆಯುವುದು ಅದರ ವಿಲೋಮ: ರೂಪ ಅದೇ ಉಳಿದು ಸ್ಥಾನಗಳು ಸ್ಥಳಾಂತರ ಹೊಂದುತ್ತವೆ, ಎರಡು ಶ್ರೇಣಿಗಳಿಗೂ ಸಾಮಾನ್ಯವಾಗಿ ಉಳಿಯುವ ಸ್ವರಗಳು ಎಫ್ ಮತ್ತು ಸಿ ಎರಡೇ. ತಂಬೂರಿಯ ಮುಂದೆ ಕುಳಿತ ಗಾಯಕನಿಗೆ ಇದು ಊಹಿಸಲೂ ಬಾರದ ನಡೆ. ಕೃತಿಯ ಜೀವ ಇರುವುದೂ ಆ ನಡೆಯಲ್ಲಿಯೇ. ಡೇವಿಸನ ವಾದನದಲ್ಲಿ ಎರಡನೆಯ ಆವರ್ತ ನಡೆದಿರುವಾಗ, 24 ಬಾರ್‌ಗಳ ಸ್ಥಿರತೆಯ ಮೇಲೆ ನೆಲ ಒಂದು ಮೆಟ್ಟಿಲು ಏರಿದಂತಾಗುವ ಅನುಭವ ಯಾರಿಗೂ ತಪ್ಪದು. ರಾಗಕ್ಕೆ ಸಮೀಪವೆನ್ನುವ ಕೃತಿಯ ಸೌಂದರ್ಯವು ರಾಗಪದ್ಧತಿ ಒಪ್ಪದ ಒಂದು ವ್ಯಾಪಾರದಿಂದ ಬಂದಿದೆಯೆಂಬುದನ್ನು ಈ ವಾದದವರು ಹೇಗೆ ಸಮಾಧಾನಪಡಿಸುವರೋ ತಿಳಿಯದು.

ಡೇವಿಸನ ಬಳಿಕ ಬರುವ ಇಬ್ಬರು ಸ್ಯಾಕ್ಸೊಫೋನ್ ವಾದಕರೂ ಒಂದೇ ಬಗೆಯವರಲ್ಲ. ಜಾನ್ ಕೋಲ್ಟ್ರೇನನು ಚಿಕ್ಕ ಸಂಚಾರಗಳನ್ನು ಹಿಡಿದು ತಿರುವಿ ತಿರುವಿ ನೋಡುತ್ತಾನೆ. ಕ್ಯಾನನ್‌ಬಾಲ್ ಆಡರ್ಲಿ ಹಳೆಯ ಗುಚ್ಛಮಾರ್ಗದ ಓಟಗಳನ್ನೂ ಬ್ಲೂಸಿನ ವಾಕ್ಯಗಳನ್ನೂ ಇಲ್ಲಿಗೂ ತಂದುಬಿಡುತ್ತಾನೆ. ನಮಗೆ ಇದು ದೋಷವಾಗಿ ಕಾಣುವುದಿಲ್ಲ. ಕೋಲ್ಟ್ರೇನನೇ ಈ ಮುದ್ರಿಕೆ ಮುಗಿದು ಎರಡು ವಾರ ಕಳೆಯುವುದರೊಳಗೆ ‘ಜಯಂಟ್ ಸ್ಟೆಪ್ಸ್’ ಎಂಬ, ಗುಚ್ಛಗಳು ನಾಗಾಲೋಟದಲ್ಲಿ ಬದಲಾಗುವ ಕೃತಿಯನ್ನು ಮುದ್ರಿಸಿದನು. ಹಳೆಯ ಮಾರ್ಗವನ್ನು ಯಾರೂ ತ್ಯಜಿಸಿರಲಿಲ್ಲ.

ಎರಡನೆಯದಾದ ‘ಫ್ರೆಡ್ಡಿ ಫ್ರೀಲೋಡರ್’ ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಮುದ್ರಣವಾದದ್ದು ಎಲ್ಲಕ್ಕಿಂತ ಮೊದಲು. ಮುದ್ರಿಕೆಯಲ್ಲಿ ಸ್ಥಾನ ಎರಡನೆಯದು. ಇದು 12 ಬಾರ್‌ಗಳ ಬ್ಲೂಸ್, ಸಂಪ್ರದಾಯದ ಮಾರ್ಗ. ಕಡೆಯ ಎರಡು ಬಾರ್‌ಗಳಲ್ಲಿ ಮನೆಗೆ ಹಿಂದಿರುಗದೆ ಒಂದು ಸ್ವರ ಕೆಳಗೆ ನಿಲ್ಲುವುದಷ್ಟೆ ವಿಶೇಷ. ಈ ಒಂದು ಕೃತಿಯಲ್ಲಿ ಮಾತ್ರ ಬಿಲ್ ಇವಾನ್ಸನಿಗೆ ಬದಲಾಗಿ ವಿಂಟನ್ ಕೆಲಿ ಪಿಯಾನೊ ನುಡಿಸಿದ್ದಾನೆ. ಅವನ ಕೈಯ ಲವಲವಿಕೆ ಆಲಿಸತಕ್ಕದ್ದು. ರಾಗದ ಪ್ರಸ್ತಾಪಕ್ಕೆ ಇಲ್ಲಿ ಅವಕಾಶವೇ ಇಲ್ಲ.

‘ಬ್ಲೂ ಇನ್ ಗ್ರೀನ್’ ಎಂಬ ಮೂರನೆಯದು ಐದೂವರೆ ನಿಮಿಷದ ಕಿರುಕೃತಿ. ಆಡರ್ಲಿ ಇದರಲ್ಲಿ ನುಡಿಸಿಲ್ಲ. ರಚನೆ ಡೇವಿಸನದೋ ಇವಾನ್ಸನದೋ ಎಂಬ ವಿವಾದವನ್ನು ನಾವು ಇಲ್ಲಿ ಎತ್ತುವುದಿಲ್ಲ; ಪಿಯಾನೊವಾದಕನ ಕೈವಾಡ ಪ್ರತಿಯೊಂದು ಗುಚ್ಛದಲ್ಲಿಯೂ ಕಾಣುತ್ತದೆಂದು ಮಾತ್ರ ಹೇಳುತ್ತೇವೆ. ಇದು 10 ಬಾರ್‌ಗಳ ವಿಚಿತ್ರ ಆವರ್ತ. ಎಲ್ಲಿ ಮುಗಿಯಿತು, ಎಲ್ಲಿ ಮೊದಲಾಯಿತು ಎಂಬುದು ಸುಲಭವಾಗಿ ತಿಳಿಯುವುದಿಲ್ಲ. ಗುಚ್ಛಗಳು ಒಂದರ ಹಿಂದೊಂದು ಬದಲಾಗುತ್ತಲೇ ಇರುವುದರಿಂದ ಶ್ರೇಣಿಯಲ್ಲಿ ನಿಲ್ಲುವ ಮಾತು ಇಲ್ಲಿಯೂ ಸಲ್ಲದು. ಆದರೆ ನಮ್ಮ ಶ್ರೋತೃಗಳಿಗೆ ಪರಿಚಿತವಾದ ಬೇರೊಂದು ಸಂಗತಿ ಇದರಲ್ಲಿದೆ. ಡೇವಿಸನು ವಿಳಂಬದಲ್ಲಿ ನಡೆಸಿದ ಗುಚ್ಛಗಳ ಸಾಲನ್ನು ಇವಾನ್ಸನೂ ಕೋಲ್ಟ್ರೇನನೂ ಇಮ್ಮಡಿ ವೇಗದಲ್ಲಿ ಹಿಡಿಯುತ್ತಾರೆ. ಕಡೆಗೆ ಡೇವಿಸನು ಮೊದಲಿನ ನಡೆಗೆ ಮರಳುತ್ತಾನೆ. ತಾಳ ಕದಲದೆ ಸಾಹಿತ್ಯವು ಎರಡನೆಯ ಕಾಲಕ್ಕೆ ಏರುವುದನ್ನು ಬಲ್ಲವರಿಗೆ ಇದರ ರಹಸ್ಯವನ್ನು ವಿವರಿಸಬೇಕಾಗಿಲ್ಲ. ಸಾದೃಶ್ಯವನ್ನು ಹುಡುಕುವುದಾದರೆ ಇಲ್ಲಿ ಕಾಲಪ್ರಮಾಣದಲ್ಲಿ ಹುಡುಕಬೇಕಾಗಿತ್ತು, ರಾಗದಲ್ಲಿ ಅಲ್ಲ.

ಇಲ್ಲಿಗೆ ಒಂದನೆಯ ಮಗ್ಗುಲು ಮುಗಿಯಿತು. ಮಗುಚುವ ಮುನ್ನ ಶ್ರುತಿಯನ್ನು ಕುರಿತು ಒಂದು ಮಾತು. ಮಾರ್ಚ್ 2ರ ಮುದ್ರಣದಲ್ಲಿ ಮುಖ್ಯ ಟೇಪ್ ಯಂತ್ರವು ಇರಬೇಕಾದ ವೇಗಕ್ಕಿಂತ ನಿಧಾನವಾಗಿ ಓಡಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿ ಮಾಡಿದ ತಟ್ಟೆಗಳಲ್ಲಿ ಒಂದನೆಯ ಮಗ್ಗುಲಿನ ಮೂರು ಕೃತಿಗಳೂ ಸುಮಾರು ಕಾಲುಸ್ವರದಷ್ಟು ಏರಿದ ಶ್ರುತಿಯಲ್ಲಿ, ಕೊಂಚ ತ್ವರೆಯಾಗಿ ಕೇಳಿಸುತ್ತಿದ್ದುವು. ಎರಡನೆಯ ಮಗ್ಗುಲು ಸರಿಯಾಗಿತ್ತು. 1992ರಲ್ಲಿ, ಜೊತೆಯ ಯಂತ್ರದಲ್ಲಿ ಸರಿಯಾದ ವೇಗದಿಂದ ಮುದ್ರಿತವಾಗಿದ್ದ ಟೇಪನ್ನು ಬಳಸಿ ಇದನ್ನು ತಿದ್ದಿದರು. ಎಂದರೆ 33 ವರ್ಷಗಳ ಕಾಲ ಲೋಕವು ಒಂದೇ ಮುದ್ರಿಕೆಯನ್ನು ಎರಡು ಶ್ರುತಿಗಳಲ್ಲಿ ಕೇಳಿತು! ತಟ್ಟೆಯೊಡನೆ ನುಡಿಸಲು ಹೊರಟ ವಾದಕರಿಗೆ ಇದು ತೊಡಕಾಗಿತ್ತು. ಸಾಮಾನ್ಯ ಶ್ರೋತೃವಿಗೆ ತಿಳಿಯಲಿಲ್ಲ. ಸ್ವರಗಳ ಪರಸ್ಪರ ಸಂಬಂಧ ಕೆಡದಿರುವಾಗ ಕಿವಿ ಆಕ್ಷೇಪಿಸುವುದಿಲ್ಲವೆಂಬುದು ನಮ್ಮ ಸಂಗೀತಗಾರರಿಗೆ ಹೊಸದಲ್ಲ. ಅವರು ತಮ್ಮ ಶಾರೀರಕ್ಕೆ ತಕ್ಕ ಷಡ್ಜವನ್ನು ತಾವೇ ಆರಿಸಿಕೊಳ್ಳುವವರು. ಆದರೆ ವಿಮರ್ಶಕನ ಕಷ್ಟ ಬೇರೆ. ‘ಸೋ ವಾಟ್’ ಕೃತಿಯ ಚುರುಕನ್ನೂ ಕಾಂತಿಯನ್ನೂ ಹಳೆಯ ತಟ್ಟೆಯಿಂದ ಕೇಳಿ ಹೊಗಳಿದವರು ಯಂತ್ರದ ಪಾಲನ್ನೂ ವಾದಕರ ಲೆಕ್ಕಕ್ಕೆ ಸೇರಿಸಿದ್ದಾರೆ. ಹಳೆಯ ಬರಹಗಳನ್ನು ಓದುವಾಗ ಅವು ಯಾವ ಪ್ರತಿಯನ್ನು ಕೇಳಿ ಬರೆದುವೆಂಬುದನ್ನು ವಿಚಾರಿಸುವುದು ಪಾಠಾಂತರ ಶೋಧನೆಯಷ್ಟೇ ಅವಶ್ಯಕವಾದುದು.

ಎರಡನೆಯ ಮಗ್ಗುಲಿನಲ್ಲಿ ಎರಡೇ ಕೃತಿಗಳು. ಮೊದಲ ಕೆಲವು ಪ್ರತಿಗಳಲ್ಲಿ ಇವೆರಡರ ಹೆಸರುಗಳು ಅದಲುಬದಲಾಗಿ ಅಚ್ಚಾಗಿದ್ದುವು. ‘ಆಲ್ ಬ್ಲೂಸ್’ ಎಂಬುದು ಹೆಸರೇ ಹೇಳುವಂತೆ ಬ್ಲೂಸ್. 12 ಬಾರ್‌ಗಳು, ಆದರೆ ಬಾರಿಗೆ ಆರು ಮಾತ್ರೆಗಳ ತೂಗಾಟ. ಸ್ಯಾಕ್ಸೊಫೋನುಗಳು ಒಂದು ಪುಟ್ಟ ಸಂಚಾರವನ್ನು ಬಿಡದೆ ತೂಗುತ್ತಿರುವಾಗ ಡೇವಿಸನು ಬಾಯಿಮುಚ್ಚಳವಿಟ್ಟ ಟ್ರಂಪೆಟ್ಟಿನಲ್ಲಿ ಪಲ್ಲವಿಯನ್ನು ನುಡಿಸುತ್ತಾನೆ. ವಿಸ್ತಾರಕ್ಕೆ ಮುಚ್ಚಳವನ್ನು ತೆಗೆಯುತ್ತಾನೆ. ರಾಗವಾದಿಗಳು ಇದನ್ನು ಉದಾಹರಿಸುವುದು ಕಡಿಮೆ. ಆದರೆ ಕೆಳಗಿನ ಬಾಸ್ ವಾದ್ಯವನ್ನು ಹಿಂಬಾಲಿಸಿ ನೋಡಿರಿ. ಜಿ ಎಂಬ ಸ್ವರದ ಮೇಲೆ ಕಟ್ಟಿದ ಒಂದೇ ಸಂಚಾರವು ಮೊದಲ ಎಂಟು ಬಾರ್‌ಗಳಲ್ಲಿ ಅಲುಗದೆ ನಿಂತಿರುತ್ತದೆ. ಅದರ ಮೇಲಿನ ಶ್ರೇಣಿ ಮೊದಲು ಹರಿಕಾಂಬೋಜಿಯದು. ಐದು ಮತ್ತು ಆರನೆಯ ಬಾರ್‌ಗಳಲ್ಲಿ ಅಂತರಗಾಂಧಾರವು ಸಾಧಾರಣಗಾಂಧಾರವಾಗಿ ಖರಹರಪ್ರಿಯದ ಛಾಯೆ ಸುಳಿಯುತ್ತದೆ. ಏಳರಲ್ಲಿ ಹರಿಕಾಂಬೋಜಿ ಮರಳುತ್ತದೆ. ಷಡ್ಜ ಸ್ಥಿರವಾಗಿದ್ದು ಒಂದೇ ಒಂದು ಸ್ವರ ಬದಲಾಗುವುದರಿಂದ ಭಾವ ಮಬ್ಬಾಗಿ ಮತ್ತೆ ಬೆಳಗುವ ಈ ಕ್ರಮ ರಾಗಮಾಲಿಕೆಯನ್ನು ಬಲ್ಲವರಿಗೆ ಸಹಜವಾದುದು. ಒಂಬತ್ತು, ಹತ್ತರಲ್ಲಿ ಮಾತ್ರ ಆಧಾರವು ಪಂಚಮಕ್ಕೆ ಏರಿ, ಅಲ್ಲಿಂದ ಅರ್ಧಸ್ವರ ಮೇಲಕ್ಕೆ ತಾಗಿ ಇಳಿಯುತ್ತದೆ. ಹನ್ನೊಂದರಲ್ಲಿ ಷಡ್ಜಕ್ಕೆ ಬಂದು ಸೇರುತ್ತದೆ. ಹನ್ನೆರಡರಲ್ಲಿ ಹತ್ತು ಬಾರ್‌ಗಳು ಒಂದೇ ಷಡ್ಜದ ಮೇಲೆ ನಿಲ್ಲುತ್ತವೆ. ಮುದ್ರಿಕೆಯಲ್ಲಿ ರಾಗದ ಅತ್ಯಂತ ಸಮೀಪಕ್ಕೆ ಬಂದ ಕೃತಿ ಇದೇ ಎಂದು ನಮ್ಮ ಅಭಿಪ್ರಾಯ. ಅದನ್ನು ಸಮೀಪಕ್ಕೆ ತಂದದ್ದು ಶಾಸ್ತ್ರಗ್ರಂಥವೂ ಅಲ್ಲ, ಪೂರ್ವದೇಶದ ಪ್ರಭಾವವೂ ಅಲ್ಲ. ಬ್ಲೂಸೆಂಬ ದೇಸಿಯ ಹಾಡಿನ ಹಳೆಯ ಚೌಕಟ್ಟು.

ಐದನೆಯದು ‘ಫ್ಲಮೆಂಕೊ ಸ್ಕೆಚಸ್’. ಇದಕ್ಕೆ ಪಲ್ಲವಿಯೇ ಇಲ್ಲ. ಐದು ಶ್ರೇಣಿಗಳ ಒಂದು ಸಾಲು ಮಾತ್ರ ಉಂಟು: ಸಿ ಷಡ್ಜದ ಶಂಕರಾಭರಣ, ಎ ಫ್ಲ್ಯಾಟಿನ ಹರಿಕಾಂಬೋಜಿ, ಬಿ ಫ್ಲ್ಯಾಟಿನ ಶಂಕರಾಭರಣ, ಡಿ ಷಡ್ಜದಲ್ಲಿ ತೋಡಿಗೂ ವಕುಳಾಭರಣಕ್ಕೂ ನಡುವೆ ತೂಗಾಡುವ ಸ್ಪೇನಿನ ಛಾಯೆಯ ಶ್ರೇಣಿ, ಕಡೆಗೆ ಜಿ ಷಡ್ಜದ ಖರಹರಪ್ರಿಯ. ಪ್ರತಿಯೊಬ್ಬ ವಾದಕನೂ ಈ ಸಾಲನ್ನು ಒಮ್ಮೆ ಹಾದುಹೋಗುತ್ತಾನೆ. ಒಂದೊಂದರಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದು ಅವನ ಇಚ್ಛೆ. ಪ್ಯಾರಿಸ್ಸಿನಲ್ಲಿ ದೃಶ್ಯವು ನಿರ್ಣಯಿಸುತ್ತಿದ್ದ ದೈರ್ಘ್ಯವನ್ನು ಇಲ್ಲಿ ವಾದಕನೇ ನಿರ್ಣಯಿಸುತ್ತಾನೆ. ಈ ಸ್ವಾತಂತ್ರ್ಯವು ಆಲಾಪನೆಯ ಸ್ವಾತಂತ್ರ್ಯವನ್ನು ನೆನಪಿಗೆ ತರುವುದು ಸರಿಯೇ. ಆದರೆ ಷಡ್ಜವು ಐದು ಕಡೆ ಅಲೆಯುತ್ತದೆ. ರಾಗಮಾಲಿಕೆಯಲ್ಲಿ ರಾಗಗಳು ಬದಲಾದರೂ ಷಡ್ಜ ಕದಲದು. ಸ್ಯಾಕ್ಸೊಫೋನ್ ಎಂದೊಡನೆ ಕದ್ರಿ ಗೋಪಾಲನಾಥರ (1949-2019) ವಾದನವನ್ನು ನೆನೆಯುವ ಕನ್ನಡ ಶ್ರೋತೃಗಳು ನಾಲ್ಕನೆಯ ಶ್ರೇಣಿಯಲ್ಲಿ ಆಡರ್ಲಿಯ ವಾದನವನ್ನು ಕೇಳಿದರೆ ಮತ್ತೊಂದು ಭೇದವೂ ತಿಳಿಯುತ್ತದೆ. ವಾದ್ಯ ಅದೇ, ಸ್ವರಸ್ಥಾನಗಳೂ ಬಹುಮಟ್ಟಿಗೆ ಅವೇ, ಗಾಂಧಾರಕ್ಕೆ ಕಂಪಿತವಿಲ್ಲ. ಕಂಪಿತವಿಲ್ಲದ ಗಾಂಧಾರದಿಂದ ತೋಡಿಯ ಮೇಳವಾದೀತು, ತೋಡಿ ರಾಗವಾಗದು. ಆಡರ್ಲಿ ತೋಡಿಯನ್ನು ನುಡಿಸಲು ಹೊರಟವನೇ ಅಲ್ಲವಾದುದರಿಂದ ಇದು ಅವನಿಗೆ ಕುಂದಲ್ಲ, ಹೆಸರಿಟ್ಟವರಿಗೆ ಕುಂದು.

ಮುದ್ರಿಕೆಯ ಹೊದಿಕೆಯ ಮೇಲೆ ಇವಾನ್ಸನು ಬರೆದ ಟಿಪ್ಪಣಿಯಲ್ಲಿ, ಪ್ರತಿಯೊಂದು ಕೃತಿಯಲ್ಲಿಯೂ ಮೊದಲ ಪೂರ್ಣ ವಾದನವನ್ನೇ ಉಳಿಸಿಕೊಂಡರೆಂಬ ಅರ್ಥದ ಮಾತಿದೆ. ಈ ಐದನೆಯ ಕೃತಿಗೆ ಅದು ಸಲ್ಲದು. ಇದರ ಮತ್ತೊಂದು ಪೂರ್ಣ ವಾದನ ಮೊದಲೇ ಆಗಿತ್ತು. ಅನಂತರ ಪ್ರಕಟವಾಗಿಯೂ ಇದೆ. ಎರಡನ್ನೂ ಒಂದಾದಮೇಲೊಂದು ಕೇಳುವುದು ಬಹಳ ಲಾಭದಾಯಕ. ಶ್ರೇಣಿಗಳ ಸಾಲು ಒಂದೇ; ಸಂಚಾರಗಳು ಬೇರೆ. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಆ ಕೃತಿಗೆ ಯಾರೂ ಬರೆದಿಲ್ಲ.

ಇದರ ಪ್ರಾರಂಭದಲ್ಲಿ ಇವಾನ್ಸನ ಎಡಗೈ ನುಡಿಸುವ, ಎರಡೇ ಗುಚ್ಛಗಳು ತೂಗುವ ಚಿಕ್ಕ ಸಂಚಾರವು ಹೊಸದಲ್ಲ. 1958ರ ಡಿಸೆಂಬರಿನಲ್ಲಿ ಅವನು ತನ್ನದೇ ಮುದ್ರಿಕೆಗಾಗಿ ಒಬ್ಬನೇ ನುಡಿಸಿದ ‘ಪೀಸ್ ಪೀಸ್’ ಎಂಬ ಕೃತಿಯಿಂದ ಅದು ಬಂದಿದೆ. ಅಲ್ಲಿ ಆ ಎರಡು ಗುಚ್ಛಗಳು ಆರೂವರೆ ನಿಮಿಷಗಳಿಗೂ ಹೆಚ್ಚಾಗಿ, ಕಡೆಯವರೆಗೆ, ತಂಬೂರಿಯಂತೆ ಒಂದೇ ಷಡ್ಜದ ಮೇಲೆ ನಡೆಯುತ್ತವೆ. ಬಲಗೈ ಮೊದಲು ಶ್ರೇಣಿಯೊಳಗೇ ಸಂಚರಿಸಿ, ಬರಬರುತ್ತ ಅನ್ಯಸ್ವರಗಳಿಗೆ ಹಾರಿ, ಮರಳಿ ಬಂದು ಸೇರುತ್ತದೆ. ‘ಫ್ಲಮೆಂಕೊ ಸ್ಕೆಚಸ್’ ಕೃತಿಯಲ್ಲಿ ಅದೇ ಸಂಚಾರವು ಮೊದಲ ಶ್ರೇಣಿ ಮುಗಿಯುವವರೆಗೆ ಮಾತ್ರ ನಿಂತು, ಎ ಫ್ಲ್ಯಾಟ್ ಬಂದೊಡನೆ ಜಾಗ ಬಿಟ್ಟುಕೊಡುತ್ತದೆ.