ಎತ್ತಿ ಸುರಿದರಷ್ಟೇ ಸಿದ್ರಾ

ಸ್ಪೇನಿನ ಉತ್ತರಕ್ಕಿರುವ ಆಸ್ತೂರಿಯಾಸ್ ಸೀಮೆಯಲ್ಲಿ ಸೇಬಿನ ಸೈಡರ್‌ಗೆ ಸಿದ್ರಾ ಎನ್ನುತ್ತಾರೆ. ಅಲ್ಲಿನ ಒವಿಯೇದೋ ನಗರದ ಗಾಸ್ಕೋನಾ ಬೀದಿಯ ತುಂಬ ಸಿದ್ರಾ ಅಂಗಡಿಗಳೇ. ಸುರಿಯುವವನ ಕೈ ನೋಡಬೇಕು. ಬಲಗೈ ತಲೆಯ ಮೇಲೆ ಚಾಚಿದೆ, ಅದರಲ್ಲಿ ಹಸಿರು ಬಾಟಲಿ. ಎಡಗೈ ತೊಡೆಯ ಹತ್ತಿರ ಇಳಿಬಿಟ್ಟಿದೆ, ಅದರಲ್ಲಿ ಓರೆಯಾಗಿ ಹಿಡಿದ ಅಗಲಬಾಯಿಯ ತೆಳು ಲೋಟ. ಕಣ್ಣು ಎರಡರ ಮೇಲೂ ಇಲ್ಲ, ಎದುರಿಗೆ ನೆಟ್ಟಿದೆ. ನೂಲಿನಂಥ ಧಾರೆ ಲೋಟದ ಒಳ ಅಂಚಿಗೆ ಬಡಿದು ಒಡೆಯುತ್ತದೆ. ತಳದಲ್ಲಿ ಎರಡು ಬೆರಳಿನಷ್ಟು ನಿಂತಾಗ ಧಾರೆ ಕಡಿಯುತ್ತದೆ. ಅಷ್ಟಕ್ಕೆ ಕುಲಿನ್ ಎಂದು ಹೆಸರು.

ಇದು ಪ್ರವಾಸಿಗರಿಗೆ ತೋರಿಸುವ ಕಸರತ್ತು ಎನ್ನುವವರುಂಟು. ನಾನು ಒಪ್ಪಲಾರೆ. ಇಲ್ಲಿನ ಸಹಜ ಸಿದ್ರಾಕ್ಕೆ ಹೊರಗಿನಿಂದ ಅನಿಲ ತುಂಬುವುದಿಲ್ಲ. ರಸ ಹುಳಿಯುವಾಗ ಹುಟ್ಟಿದ್ದಷ್ಟೇ ಅದರಲ್ಲಿ ಕರಗಿ ಕೂತಿರುತ್ತದೆ. ಸುಮ್ಮನೆ ಬಗ್ಗಿಸಿಕೊಂಡು ಕುಡಿದರೆ ನಾಲಿಗೆಗೆ ಬರೀ ಹುಳಿ. ಗಾಜಿಗೆ ಬಡಿದಾಗಲೇ ನೊರೆಯೆದ್ದು ಸೇಬಿನ ಘಮ ಬಿಡುತ್ತದೆ. ನೊರೆ ಇಳಿದರೆ ಘಮವೂ ಹೋಯಿತು, ಹಾಗಾಗಿ ಒಂದೇ ಉಸಿರಿಗೆ ಕುಡಿಯಬೇಕು. ಪೀಪಾಯಿಯ ತೂತಿನಿಂದ ಚಿಮ್ಮುವ ಧಾರೆಗೆ ಲೋಟ ಒಡ್ಡುತ್ತಿದ್ದವರು, 19ನೇ ಶತಮಾನದಲ್ಲಿ ಬಾಟಲಿ ಬಳಕೆಗೆ ಬಂದಮೇಲೆ ಅದೇ ರಭಸವನ್ನು ತೋಳಿನಿಂದ ತಂದುಕೊಂಡರು.

ನನ್ನ ಮನಸ್ಸು ನಿಲ್ಲುವುದು ಕೊನೆಯ ಗುಟುಕಿನಲ್ಲಿ. ಅದನ್ನು ಕುಡಿಯದೆ, ತುಟಿ ತಾಗಿದ ಅಂಚಿನ ಮೇಲಿಂದಲೇ ಚೆಲ್ಲುತ್ತಾರೆ. ರೂಢಿಯಂತೆ ಗುಂಪಿಗೆಲ್ಲ ಒಂದೇ ಲೋಟ. ಎಂಜಲು ತೊಳೆದು ಮುಂದಿನವರಿಗೆ ದಾಟಿಸುವ ಬಗೆ ಇದು. ಚೆಲ್ಲಿದ್ದನ್ನು ಹೀರಲೆಂದು ಹಳೆಯ ಅಂಗಡಿಗಳ ನೆಲಕ್ಕೆ ಮರದ ಹೊಟ್ಟು ಹರಡುತ್ತಿದ್ದರು. ಮಡಿ-ಎಂಜಲಿನ ಲೆಕ್ಕ ಜನರನ್ನು ದೂರ ಇಡುವುದನ್ನೇ ಕಂಡು ಬೆಳೆದವರು ನಾವು. ಅಲ್ಲಿ ಎಂಜಲಿನ ಎಚ್ಚರವೇ ಒಂದು ಲೋಟದ ಸುತ್ತ ಜನರನ್ನು ಕೂಡಿಸುತ್ತದೆ.

ಗುಂಡಿ ಒತ್ತಿದರೆ ಸುರಿಯುವ ವಿದ್ಯುತ್ ಪಂಪುಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ನೊರೆಯನ್ನೇನೋ ಅವು ಎಬ್ಬಿಸುತ್ತವೆ, ಆಳು ಸಾಲದ ಅಂಗಡಿಗೆ ಅನುಕೂಲವೂ ಹೌದು. ಆದರೆ ಸುರಿಯುವವನು ಮತ್ತೆ ನಮ್ಮ ಮೇಜಿಗೆ ಬರುವ ತನಕ ಕಾಯುವ ಬಿಡುವು ಹೋಗುತ್ತದೆ. ಹರಟೆಗೆ ಜಾಗ ಮಾಡಿಕೊಡುತ್ತಿದ್ದುದು ಆ ಬಿಡುವು, ಶೇ. 5-6ರಷ್ಟು ಮದ್ಯಸಾರ ಒಮ್ಮೆಗೇ ತಲೆಗೇರದಂತೆ ತಡೆಯುತ್ತಿದ್ದುದೂ ಅದೇ. ಅನಿಲ ತುಂಬಿ ಶಾಂಪೇನಿನಂಥ ಬಾಟಲಿಯಲ್ಲಿ ಮಾರುವ ಸಿಹಿ ಸೈಡರನ್ನು ಎತ್ತಿ ಸುರಿಯುವುದಂತೂ ಬರೀ ವೇಷ. ಇದ್ದ ಗುಳ್ಳೆಯನ್ನೂ ಕಳೆದಂತೆ.

2024ರ ಡಿಸೆಂಬರಿನಲ್ಲಿ ಯುನೆಸ್ಕೊ ಆಸ್ತೂರಿಯಾಸ್‌ನ ಸಿದ್ರಾ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮನ್ನಣೆಯಲ್ಲಿ ಸುರಿಯುವ ಕೈಗೂ ಪಾಲಿದೆ ಎಂಬುದು ನನಗೆ ಸಂತೋಷ. ಅಲ್ಲಿಗೆ ಹೋದವರು ಕಬ್ರಾಲೆಸ್ ಎಂಬ ಊರಸೀಮೆಯ ನೀಲಿ ಚೀಸನ್ನು ಜೊತೆಗೆ ತರಿಸಿಕೊಳ್ಳಿ; ಅದರ ಕಟುವನ್ನು ಸಿದ್ರಾದ ಹುಳಿ ತೊಳೆಯುತ್ತದೆ. ಲೋಟ ಕೈಗೆ ಬಂದೊಡನೆ ಕುಡಿಯಿರಿ, ಕೊನೆಯ ಗುಟುಕು ಚೆಲ್ಲಿ, ಪಕ್ಕದವರಿಗೆ ಕೊಡಿ.