ಅಕ್ಷ ಮತ್ತು ಅಂಕ: ಅರ್ಥನಿರೂಪಣೆಯ ಒಂದು ವಿಮರ್ಶೆ

ಬಹುಚರ ವಿಶ್ಲೇಷಣೆಯನ್ನು ಅವಲಂಬಿಸುವ ಪ್ರಬಂಧಗಳಲ್ಲಿ ಅನೇಕ ಅಳತೆಗಳನ್ನು ಎರಡು ಅಕ್ಷಗಳಿಗೆ ಇಳಿಸಿ, ಅವುಗಳಿಗೆ ಹೆಸರಿಟ್ಟು, ಅನಂತರ ಆ ಹೆಸರನ್ನೇ ಪ್ರಮಾಣವಾಗಿ ಹಿಡಿಯುವ ರೂಢಿಯುಂಟು. ಈ ರೂಢಿಯನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಕಾರ್ಲ್ ಪಿಯರ್‌ಸನ್ 1901ರಲ್ಲಿ ತೋರಿಸಿ, ಹೋಟೆಲಿಂಗ್ 1933ರಲ್ಲಿ ವಿಸ್ತರಿಸಿದ ಪ್ರಧಾನ ಘಟಕ ವಿಧಾನದಲ್ಲಿ ಮೊದಲನೆಯ ಅಕ್ಷವೆಂದರೆ ಬಿಂದುಗಳು ಅತಿ ಹೆಚ್ಚು ಹರಡಿರುವ ದಿಕ್ಕು. ಅದಕ್ಕೆ ಲಂಬವಾದ ದಿಕ್ಕುಗಳಲ್ಲಿ ಅಧಿಕ ಹರಹುಳ್ಳದ್ದು ಎರಡನೆಯದು. ಬಿಂದುವಿನಿಂದ ಎಳೆದ ಲಂಬವು ಅಕ್ಷವನ್ನು ಮುಟ್ಟುವ ಸ್ಥಾನವೇ ಅಂಕ.

ಅಡಕೆಗೆ ಹೆಸರಾದ, ಚಿತ್ರದುರ್ಗ ಸೀಮೆಯ ಭೀಮಸಮುದ್ರವನ್ನು ನಿದರ್ಶನಕ್ಕೆ ತೆಗೆದುಕೊಳ್ಳೋಣ. ಅಲ್ಲಿನ ತೋಟಗಳ ಕಾಯಿಗಳ ಉದ್ದ, ದಪ್ಪ, ತೂಕಗಳನ್ನು ಅಳೆದೆವೆಂದೂ ಮೂರೂ ಒಟ್ಟಿಗೆ ಹೆಚ್ಚುತ್ತವೆಂದೂ ಭಾವಿಸೋಣ. ಆಗ ಮೊದಲನೆಯ ಅಕ್ಷದ ಗುಣಾಂಕಗಳೆಲ್ಲ ಒಂದೇ ಚಿಹ್ನೆಯವಾಗುತ್ತವೆ, ಅದನ್ನು ‘ಗಾತ್ರ’ವೆನ್ನಬಹುದು. ಎರಡನೆಯದರಲ್ಲಿ ಧನ ಋಣಗಳು ಬೆರೆತು ಬಂದಾಗ ‘ಆಕಾರ’ವೊಂದು ಪತ್ತೆಯಾಯಿತೆಂದು ಸಂಶೋಧಕನು ಹಿಗ್ಗುತ್ತಾನೆ. ಆದರೆ ಮೊದಲನೆಯದಕ್ಕೆ ಲಂಬವಾಗಿರಬೇಕಾದ ಅಕ್ಷದಲ್ಲಿ ಚಿಹ್ನೆಗಳು ಬೆರೆಯಲೇಬೇಕು. ಅದು ಗಣಿತದ ಕಟ್ಟುಪಾಡು, ಅಡಕೆಯ ಗುಣವಲ್ಲ. ಅಳತೆಗಳನ್ನು ಒಂದೇ ಮಾನಕ್ಕೆ ತರದೆ, ತೂಕವನ್ನು ಗ್ರಾಮಿನ ಬದಲು ಮಿಲಿಗ್ರಾಮಿನಲ್ಲಿ ಬರೆದರೆ ಮೊದಲನೆಯ ಅಕ್ಷವೇ ತೂಕದತ್ತ ವಾಲುತ್ತದೆ. ಚಿಹ್ನೆಗಳನ್ನೆಲ್ಲ ತಿರುಗಿಸಿದರೂ ಅಕ್ಷ ಅದೇ. ಹೀಗಿರಲು ಹೆಚ್ಚಿನ ಅಂಕದ ಕಾಯಿ ಉತ್ತಮವೆನ್ನಲು ಆಧಾರವೆಲ್ಲಿ? ಕೊಯ್ಲಿನ ಹದವನ್ನೂ ಬಣ್ಣವನ್ನೂ ನೋಡುವ ವ್ಯಾಪಾರಿಯ ತೀರ್ಪು ಈ ಅಕ್ಷದೊಳಗಿಲ್ಲ.

ಅಡಕೆಯ ವಿಷಯದಲ್ಲಿ ಈ ತಪ್ಪಿನಿಂದಾಗುವ ಹಾನಿ ಅಲ್ಪ. ಮನುಷ್ಯರ ವಿಷಯದಲ್ಲಿ ಹಾಗಲ್ಲ. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಮಹಲನೋಬಿಸ್ ಮತ್ತು ಮಜುಂದಾರರೊಡನೆ 1949ರಲ್ಲಿ ಪ್ರಕಟಿಸಿದ ಸಂಯುಕ್ತ ಪ್ರಾಂತದ ಅಧ್ಯಯನದಲ್ಲಿ, ದೇಹದ ಅಳತೆಗಳಿಂದ ಜಾತಿ, ಬುಡಕಟ್ಟುಗಳ ನಡುವಣ ಅಂತರಗಳನ್ನು ಗಣಿಸಲಾಯಿತು. ಇಂತಹ ಅಂತರಗಳನ್ನು ಎರಡು ಅಕ್ಷಗಳ ಚಿತ್ರಕ್ಕೆ ಇಳಿಸಿದಾಗ ದೂರಕ್ಕೆ ಅರ್ಥವುಂಟು. ಮೇಲೆ ಕೆಳಗೆ ಎಂಬುದಕ್ಕೆ ಇಲ್ಲ. ಅಂಕವನ್ನು ಏಣಿಯ ಮೆಟ್ಟಿಲೆಂದು ಓದಿದರೆ ಹಳೆಯ ಪೂರ್ವಗ್ರಹಕ್ಕೆ ಗಣಿತದ ಮುದ್ರೆ ಒತ್ತಿದಂತಾಗುತ್ತದೆ. ಮೇಲಾಗಿ, ಚಿತ್ರದಲ್ಲಿ ದೂರ ಕಂಡವು ನಿಜವಾಗಿಯೂ ದೂರವೇ. ಹತ್ತಿರ ಕಂಡವು ಕೈಬಿಟ್ಟ ಅಕ್ಷದಲ್ಲಿ ದೂರವಿರಬಹುದು.

ಪ್ರಧಾನ ಘಟಕಗಳ ಬಳಕೆ ಹಾಗೂ ಅರ್ಥನಿರೂಪಣೆಗೆಂದೇ ರಾವ್ ಅವರು 1964ರಲ್ಲಿ ‘ಸಂಖ್ಯಾ’ ಪತ್ರಿಕೆಯಲ್ಲಿ ಪ್ರತ್ಯೇಕ ಲೇಖನ ಬರೆದರು. ಲೆಕ್ಕ ಮುಗಿದಲ್ಲಿಗೆ ಅರ್ಥ ಮುಗಿಯದು. ಆದುದರಿಂದ ಅಂಕಗಳನ್ನು ಪ್ರಕಟಿಸುವವರು ಗುಣಾಂಕಗಳನ್ನೂ, ಅಳತೆಯ ಮಾನಗಳನ್ನೂ, ಪ್ರತಿಯೊಂದು ಅಕ್ಷವು ಒಟ್ಟು ವ್ಯತ್ಯಾಸದಲ್ಲಿ ಹೊತ್ತಿರುವ ಪಾಲನ್ನೂ ಜೊತೆಗೇ ಕೊಡಬೇಕು. ಅಕ್ಷಕ್ಕೆ ಹೆಸರಿಡುವ ಮುನ್ನ ಮೂಲ ಅಳತೆಗಳತ್ತ ಮತ್ತೊಮ್ಮೆ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ.