ಒಂದೇ ಲೋಟದ ಪೋರ್ ಓವರ್: ರಸಿಕರಿಗೊಂದು ಕೈಪಿಡಿ

ಕಾಫಿಪುಡಿಯ ಮೇಲೆ ಬಿಸಿನೀರು ಹುಯ್ದು, ಅದು ತನ್ನ ಭಾರಕ್ಕೆ ತಾನೇ ಕೆಳಗಿಳಿಯುವಂತೆ ಬಿಟ್ಟು ಸಾರವನ್ನು ಸೋಸಿಕೊಳ್ಳುವ ಕ್ರಮ ಕನ್ನಡಿಗರ ಅಡುಗೆಮನೆಗೆ ಹೊಸದಲ್ಲ. ಹಿತ್ತಾಳೆಯ ಅಥವಾ ಸ್ಟೀಲಿನ ಎರಡಂತಸ್ತಿನ ಫಿಲ್ಟರು ಪ್ರತಿದಿನ ಮಾಡುವ ಕೆಲಸವೂ ಇದೇ ಆಗಿದೆ. ಆದರೆ ಫಿಲ್ಟರಿನಲ್ಲಿ ನುಣ್ಣನೆಯ ಪುಡಿಯ ಮೂಲಕ ಸ್ವಲ್ಪವೇ ನೀರು ಬಹಳ ಹೊತ್ತು ತೊಟ್ಟಿಕ್ಕಿ, ಹಾಲು ಬೆರೆಸಲು ತಕ್ಕ ಗಟ್ಟಿ ಡಿಕಾಕ್ಷನ್ ಆಗುತ್ತದೆ. ಪೋರ್ ಓವರ್ ಎಂದು ಕರೆಯಲಾಗುವ ವಿಧಾನದಲ್ಲಾದರೋ ತರಿಯಾದ ಪುಡಿಯ ಮೂಲಕ ಹೆಚ್ಚು ನೀರು ಸುಮಾರು ಮೂರು ನಿಮಿಷಗಳಲ್ಲಿ ಇಳಿದು, ಇದ್ದಂತೆಯೇ ಕುಡಿಯಬಹುದಾದ ತಿಳಿಯಾದ ಕಾಫಿ ನೇರವಾಗಿ ಲೋಟಕ್ಕೆ ಬೀಳುತ್ತದೆ. ಈ ವ್ಯತ್ಯಾಸವನ್ನು ಮೊದಲು ಮನಗಾಣದೆ ಉಪಕರಣ ಕೊಂಡವರು ಒಂದೆರಡು ವಾರಗಳಲ್ಲೇ ಅದನ್ನು ಅಟ್ಟಕ್ಕೇರಿಸುವುದುಂಟು. ಹಾಲು, ಸಕ್ಕರೆ, ನೊರೆ ಕೂಡಿದ ಕಾಫಿಯೇ ಬೇಕೆನ್ನುವವರಿಗೆ ಮನೆಯ ಹಳೆಯ ಫಿಲ್ಟರಿಗಿಂತ ಉತ್ತಮ ಸಾಧನ ಇನ್ನೊಂದಿಲ್ಲ. ಕಾಫಿಬೀಜದ ಸ್ವಂತ ರುಚಿ ಏನೆಂದು ಹಾಲಿನ ಮರೆಯಿಲ್ಲದೆ ಅರಿಯಬಯಸುವವರಿಗಷ್ಟೇ ಮುಂದಿನ ವಿವರಗಳು ಉಪಯುಕ್ತ.

ಈ ವಿಧಾನದ ತಿರುಳು ಇರುವುದು ಕಾಗದದಲ್ಲಿ. ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್, ಲೋಟದ ತಳದಲ್ಲಿ ಉಳಿಯುವ ಚರಟ ಮತ್ತು ಅತಿಯಾದ ಕಹಿಯಿಂದ ಬೇಸತ್ತು, ಹಿತ್ತಾಳೆಯ ಪಾತ್ರೆಯೊಂದರ ತಳಕ್ಕೆ ಮೊಳೆಯಿಂದ ತೂತುಗಳನ್ನು ಕೊರೆದು, ಮಗನ ಶಾಲೆಯ ನೋಟ್‌ಬುಕ್ಕಿನಿಂದ ತೆಗೆದ ಹೀರುಕಾಗದವನ್ನು ಅದರೊಳಗೆ ಹಾಸಿ ಕಾಫಿ ಸೋಸಿದರೆಂಬುದೂ, ಆ ಉಪಾಯಕ್ಕೆ 1908ರಲ್ಲಿ ಪೇಟೆಂಟ್ ಪಡೆದು ಅದೇ ವರ್ಷ ಸಂಸ್ಥೆಯೊಂದನ್ನು ಕಟ್ಟಿದರೆಂಬುದೂ ಈ ಉಪಕರಣದ ಚರಿತ್ರೆಯ ಆರಂಭ. ಲೋಹದ ತೂತುಗಳು ಬಿಟ್ಟುಕೊಡುವ ಸೂಕ್ಷ್ಮ ಪುಡಿಯನ್ನೂ ಎಣ್ಣೆಯ ಅಂಶವನ್ನೂ ಕಾಗದವು ಬಹುಮಟ್ಟಿಗೆ ತಡೆಹಿಡಿಯುತ್ತದೆ. ಕಾಗದದಲ್ಲಿ ಸೋಸಿದ ಕಾಫಿಯು ನಾಲಗೆಗೆ ಹಗುರವಾಗಿಯೂ ಕಣ್ಣಿಗೆ ತಿಳಿಯಾಗಿಯೂ ಇರುವುದಕ್ಕೆ ಇದೇ ಕಾರಣ. ರಕ್ತದ ಕೊಲೆಸ್ಟರಾಲನ್ನು ಏರಿಸುವ ಕೆಫೆಸ್ಟಾಲ್ ಎಂಬ ದ್ರವ್ಯವೂ ಆ ಎಣ್ಣೆಯೊಡನೆಯೇ ಇರುವುದರಿಂದ, ಅದರ ಹೆಚ್ಚಿನ ಪಾಲು ಸಹ ಕಾಗದದಲ್ಲಿಯೇ ಉಳಿದುಹೋಗುತ್ತದೆ.

ಕಾಗದವನ್ನು ಹಿಡಿದಿಡುವ ಆಲಿಕೆಯಂಥ ಪಾತ್ರೆಗೆ ಡ್ರಿಪ್ಪರ್ ಎಂದು ಹೆಸರು. ಅಂಗಡಿಯಲ್ಲಿ ಸಾಲಾಗಿ ಇಟ್ಟಾಗ ಎಲ್ಲ ಡ್ರಿಪ್ಪರುಗಳೂ ಒಂದೇ ಎಂಬಂತೆ ತೋರಿದರೂ, ನೀರು ಎಷ್ಟು ಬೇಗ ಕೆಳಗಿಳಿಯಬೇಕೆಂಬುದನ್ನು ಪಾತ್ರೆ ನಿರ್ಧರಿಸುತ್ತದೆಯೇ ಅಥವಾ ಹುಯ್ಯುವವರ ಕೈ ನಿರ್ಧರಿಸುತ್ತದೆಯೇ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಅವು ಎರಡು ಗುಂಪುಗಳಾಗಿ ಸ್ಪಷ್ಟವಾಗಿ ಒಡೆಯುತ್ತವೆ. ಆಯ್ಕೆಯ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲವೆಂದೇ ಹೇಳಬೇಕು. ಬಣ್ಣ, ಹೊಳಪು, ತಯಾರಕರ ಕೀರ್ತಿ ಇವೆಲ್ಲ ಅನಂತರದ ಮಾತು.

ಕೈಗೆ ಪೂರ್ಣ ಸ್ವಾತಂತ್ರ್ಯ ಕೊಡುವ ಗುಂಪಿಗೆ ಪ್ರಸಿದ್ಧ ನಿದರ್ಶನವೆಂದರೆ ಜಪಾನಿನ ಹಾರಿಯೋ ಸಂಸ್ಥೆಯ ವಿ60. ಟೋಕಿಯೋದಲ್ಲಿ 1921ರಲ್ಲಿ ಆರಂಭವಾಗಿ ಪ್ರಯೋಗಾಲಯದ ಗಾಜಿನ ಸಾಮಾನುಗಳನ್ನು ತಯಾರಿಸುತ್ತಿದ್ದ ಈ ಸಂಸ್ಥೆಯು ರೂಪಿಸಿದ ಆ ಡ್ರಿಪ್ಪರು, ಹೆಸರೇ ಸೂಚಿಸುವಂತೆ, ಗೋಡೆಗಳು 60 ಡಿಗ್ರಿ ಕೋನದಲ್ಲಿ ಕೂಡುವ ಶಂಕುವಿನ ಆಕಾರದ್ದು. ಅದರ ಒಳಗೋಡೆಯ ಮೇಲೆ ಸುರುಳಿಯಾಗಿ ತಿರುಗಿ ಇಳಿಯುವ ಏಣುಗಳು ಕಾಗದವು ಗೋಡೆಗೆ ಅಂಟಿಕೊಳ್ಳದಂತೆ ತಡೆದು, ಗಾಳಿ ಹೊರಹೋಗಲು ಎಡೆ ಮಾಡಿಕೊಡುತ್ತವೆ. ತಳದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡದಾದ ಒಂದೇ ರಂಧ್ರವಿರುವುದರಿಂದ, ಕಾಗದದ ತುದಿಯೇ ಅದರಿಂದ ಹೊರಗೆ ಇಣುಕುತ್ತಿರುತ್ತದೆ. ಇಂಥ ಪಾತ್ರೆಯಲ್ಲಿ ನೀರಿಗೆ ಅಡ್ಡಿಯಾಗುವುದು ಪುಡಿಯೊಂದೇ. ತೆಳ್ಳನೆಯ ಧಾರೆಯನ್ನು ನಿಧಾನವಾಗಿ ಸುತ್ತಿಸಿ ಹುಯ್ಯಬಲ್ಲವರಿಗೆ ಇದರಲ್ಲಿ ದೊರೆಯುವಷ್ಟು ಸ್ಪಷ್ಟವಾದ ರುಚಿ ಬೇರೆಡೆ ದೊರೆಯುವುದು ಕಷ್ಟ; ಆದರೆ ಕೈ ಪಳಗದವರಿಗೆ ಇದೇ ಪಾತ್ರೆಯು ಸೋಮವಾರ ಒಂದು ರುಚಿಯನ್ನೂ ಮಂಗಳವಾರ ಇನ್ನೊಂದು ರುಚಿಯನ್ನೂ ಕೊಟ್ಟು ಗೊಂದಲಕ್ಕೀಡುಮಾಡುತ್ತದೆ.

ಎರಡನೆಯ ಗುಂಪಿನ ಪಾತ್ರೆಗಳು ಹರಿವನ್ನು ತಾವೇ ಹಿಡಿದಿಡುತ್ತವೆ. ಮೆಲಿಟ್ಟಾ ಮಾದರಿಯಲ್ಲಿ ಶಂಕುವಿನ ತುದಿ ಮೊಂಡಾಗಿ ತಳದಲ್ಲಿ ಕಿರಿದಾದ ಗೆರೆಯಾಗಿರುತ್ತದೆ ಮತ್ತು ಅಲ್ಲಿರುವ ಸಣ್ಣ ರಂಧ್ರದ ಮೂಲಕ ಮಾತ್ರ ಕಾಫಿ ಇಳಿಯಬೇಕಾಗುತ್ತದೆ. ಆದುದರಿಂದ ಒಂದಿಷ್ಟು ರಭಸವಾಗಿ ಹುಯ್ದರೂ ನೀರು ಪಾತ್ರೆಯಲ್ಲಿ ನಿಂತು, ಪುಡಿಯೊಡನೆ ಬೇಕಾದಷ್ಟು ಹೊತ್ತು ಕಳೆದೇ ಕೆಳಗೆ ಬರುತ್ತದೆ. ಜಪಾನಿನ ಇನ್ನೊಂದು ಸಂಸ್ಥೆಯಾದ ಕಲಿಟಾದವರ ವೇವ್ ಮಾದರಿಯಲ್ಲಿ ತಳವು ಚಪ್ಪಟೆಯಾಗಿದ್ದು ಮೂರು ಸಣ್ಣ ರಂಧ್ರಗಳಿರುತ್ತವೆ. ಪುಡಿಯ ಹಾಸು ಎಲ್ಲೆಡೆ ಒಂದೇ ದಪ್ಪಕ್ಕಿರುವುದರಿಂದ ನೀರು ಅದರ ಮೂಲಕ ಸಮನಾಗಿ ಹಾಯುತ್ತದೆಂಬುದೂ, ನೆರಿಗೆ ಹಿಡಿದ ಅದರ ಕಾಗದವು ಗೋಡೆಗೆ ಅಲ್ಲಲ್ಲಿ ಮಾತ್ರ ತಾಗುತ್ತದೆಂಬುದೂ ಇದರ ವಿಶೇಷ. ತೈವಾನಿನಿಂದ ಬಂದ ಕ್ಲೆವರ್ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಳದಲ್ಲಿ ಕವಾಟವನ್ನಿಟ್ಟು, ಪಾತ್ರೆಯನ್ನು ಲೋಟದ ಮೇಲೆ ಕೂರಿಸುವವರೆಗೆ ಒಂದು ತೊಟ್ಟನ್ನೂ ಬಿಡದೆ ಪುಡಿಯನ್ನು ನೆನೆಯಗೊಡುತ್ತದೆ; ಹುಯ್ಯುವ ಕೌಶಲದ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ರಸಾಯನಶಾಸ್ತ್ರಜ್ಞ ಪೀಟರ್ ಶ್ಲುಂಬೋಮ್ 1941ರಲ್ಲಿ ಅಮೆರಿಕದಲ್ಲಿ ರೂಪಿಸಿದ ಕೆಮೆಕ್ಸ್ ಎಂಬ ಗಾಜಿನ ಹೂಜಿಯು ಎಷ್ಟೇ ಸುಂದರವಾಗಿದ್ದರೂ, ಅದು ನಾಲ್ಕು ಜನ ಕೂಡಿದಾಗಿನ ಸಾಧನವಾದ್ದರಿಂದ ಇಲ್ಲಿ ವಿಚಾರಾರ್ಹವಲ್ಲ.

ಗಾತ್ರದ ವಿಷಯದಲ್ಲಿ ದೊಡ್ಡದನ್ನೇ ಕೊಂಡರೆ ಒಬ್ಬರಿಗೂ ಹಲವರಿಗೂ ಆಗುತ್ತದೆಂಬ ಲೆಕ್ಕಾಚಾರ ಸಾಮಾನ್ಯವಾಗಿ ಸರಿಹೋಗುವುದಿಲ್ಲ. 15 ಗ್ರಾಂ ಪುಡಿಯನ್ನು ದೊಡ್ಡ ಪಾತ್ರೆಗೆ ಹಾಕಿದಾಗ, ವಿಶೇಷವಾಗಿ ಚಪ್ಪಟೆ ತಳದವುಗಳಲ್ಲಿ, ಹಾಸು ತೆಳುವಾಗಿ ಹರಡಿ ನೀರು ಸಾರವನ್ನು ಪೂರ್ಣವಾಗಿ ತೆಗೆಯುವ ಮೊದಲೇ ಇಳಿದುಬಿಡುತ್ತದೆ. ಒಬ್ಬರಿಗಾಗಿ ಕೊಳ್ಳುವವರು ವಿ60ಯಲ್ಲಾದರೆ 01, ಕಲಿಟಾ ವೇವ್‌ನಲ್ಲಾದರೆ 155 ಎಂದು ಗುರುತಿಸಲಾದ ಸಣ್ಣ ಗಾತ್ರವನ್ನು ಕೇಳಿ ಪಡೆಯುವುದು ಲೇಸು. ಇನ್ನು ಪಿಂಗಾಣಿ, ಗಾಜು, ಸ್ಟೀಲ್, ಪ್ಲಾಸ್ಟಿಕ್‌ಗಳಲ್ಲಿ ಪಿಂಗಾಣಿಯು ನೋಟಕ್ಕೆ ಗಂಭೀರವಾದರೂ, ಮೊದಲೇ ಬಿಸಿನೀರಿನಿಂದ ಕಾಯಿಸಿಕೊಳ್ಳದಿದ್ದರೆ ಹುಯ್ದ ನೀರಿನ ಶಾಖವನ್ನು ತಾನೇ ಹೀರಿಕೊಂಡುಬಿಡುತ್ತದೆ; ಪ್ಲಾಸ್ಟಿಕ್ಕು ಶಾಖವನ್ನು ಬಹಳ ಕಡಿಮೆ ಹೀರುವುದರಿಂದ, ಎಲ್ಲಕ್ಕಿಂತ ಅಗ್ಗವಾದ ಅದೇ ಕೆಲಸದಲ್ಲಿಯೂ ಎಲ್ಲಕ್ಕಿಂತ ಮೇಲಾಗಿರುವುದು ಈ ಕ್ಷೇತ್ರದ ಒಂದು ಸೋಜಿಗ.

ಉಳಿಸಿದ ಹಣ ಹೋಗಬೇಕಾದದ್ದು ಬೀಸುವ ಸಾಧನಕ್ಕೆ. ಮಿಕ್ಸಿಯ ಅಲಗು ಬೀಜವನ್ನು ಕತ್ತರಿಸಿ ಚದರಿಸುವುದರಿಂದ ಧೂಳೂ ನುಚ್ಚೂ ಒಟ್ಟಿಗೇ ಬಂದು, ಧೂಳಿನಿಂದ ಕಹಿಯೂ ನುಚ್ಚಿನಿಂದ ಸಪ್ಪೆ ಹುಳಿಯೂ ಒಂದೇ ಲೋಟಕ್ಕೆ ಇಳಿಯುತ್ತವೆ; ಎರಡು ಹಲ್ಲುಚಕ್ರಗಳ ನಡುವೆ ಬೀಜವನ್ನು ಅರೆಯುವ ಬರ್ ಗ್ರೈಂಡರ್, ಕೈಯಿಂದ ತಿರುಗಿಸುವ ಸಣ್ಣದಾದರೂ ಸರಿಯೇ, ಪುಡಿಯನ್ನು ಬಹುಮಟ್ಟಿಗೆ ಒಂದೇ ಗಾತ್ರಕ್ಕೆ ತರುತ್ತದೆ. ಗ್ರೈಂಡರ್ ಕೊಳ್ಳಲಾಗದವರು, ಎದುರಿಗೇ ಬೀಜ ಹುರಿದು ಪುಡಿಮಾಡಿಕೊಡುವ ಅಂಗಡಿಗಳಲ್ಲಿ ಉಪ್ಪಿಟ್ಟಿನ ರವೆಯಷ್ಟು ತರಿಯಾಗಿ ಬೀಸಿಕೊಡುವಂತೆ ಕೇಳಬಹುದು. ಮನೆಯ ಫಿಲ್ಟರಿಗೆಂದು ತಂದ ನುಣ್ಣನೆಯ ಪುಡಿಯನ್ನು ಇಲ್ಲಿ ಬಳಸಿದರೆ ಕಾಗದದ ರಂಧ್ರಗಳು ಕಟ್ಟಿಕೊಂಡು ನೀರು ಮೇಲೆಯೇ ನಿಂತುಬಿಡುತ್ತದೆ. ಚಿಕೋರಿ ಬೆರೆತ ಪುಡಿಯಂತೂ ಈ ವಿಧಾನಕ್ಕೆ ಸಲ್ಲದು, ಏಕೆಂದರೆ ಯಾವ ಸೂಕ್ಷ್ಮ ರುಚಿಯನ್ನು ಅರಸಿ ಇಷ್ಟೆಲ್ಲ ಶ್ರಮಪಡಲಾಗುತ್ತದೆಯೋ ಅದನ್ನೇ ಚಿಕೋರಿ ಮುಚ್ಚಿಹಾಕುತ್ತದೆ.

ಮಾಡುವ ಕ್ರಮದಲ್ಲಿ ನೀರಿನ ತೂಕವು ಪುಡಿಯ ತೂಕದ ಸುಮಾರು ಹದಿನಾರರಷ್ಟು ಇರಬೇಕೆಂಬುದು ಸಾಮಾನ್ಯ ನಿಯಮ. ಎಂದರೆ 15 ಗ್ರಾಂ ಪುಡಿಗೆ 240 ಗ್ರಾಂ ನೀರು. ಪುಡಿಯು ತನ್ನ ತೂಕದ ಎರಡರಷ್ಟು ನೀರನ್ನು ತನ್ನಲ್ಲೇ ಉಳಿಸಿಕೊಳ್ಳುವುದರಿಂದ ಲೋಟಕ್ಕೆ ಬರುವುದು 210 ಗ್ರಾಂ ಮಾತ್ರ. ಚಮಚದ ಅಳತೆ ಹುರಿದ ಬಗೆಗೆ ತಕ್ಕಂತೆ ಬದಲಾಗುವುದರಿಂದ, ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇಲ್ಲಿ ಅನಗತ್ಯ ಆಡಂಬರವಲ್ಲ. ನೀರಿನ ಶಾಖ 92ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ವೃತ್ತಿಪರರು ವಿಧಿಸುವುದನ್ನು ಓದಿ, ಕುದಿದ ನೀರನ್ನು ಬಹಳ ಹೊತ್ತು ಆರಲು ಬಿಡುವವರು ಒಂದು ಸಂಗತಿಯನ್ನು ಗಮನಿಸಬೇಕು: ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ, ಮಡಿಕೇರಿಯಲ್ಲಾದರೆ ಅದಕ್ಕಿಂತಲೂ ಕಡಿಮೆಯಲ್ಲಿ. ಆದುದರಿಂದ ಅರ್ಧ ನಿಮಿಷ ಕಾಯುವ ಸೂತ್ರ ಮಂಗಳೂರಿಗೆ ಸರಿಹೊಂದಬಹುದು. ಘಟ್ಟದ ಮೇಲಿನವರು ಒಲೆಯಿಂದ ಇಳಿಸಿದೊಡನೆ ಹುಯ್ಯಬಹುದು.

ಕಾಗದವನ್ನು ಮೊದಲು ಬಿಸಿನೀರಿನಿಂದ ತೊಳೆದು, ಅದರ ವಾಸನೆಯನ್ನು ಕಳೆದು, ಆ ನೀರನ್ನು ಚೆಲ್ಲಿ, ಪುಡಿ ಹಾಕಿ, ಅದರ ಎರಡರಷ್ಟು ತೂಕದ ನೀರನ್ನು ಎಲ್ಲೆಡೆ ತಾಗುವಂತೆ ಹುಯ್ದು ಅರ್ಧ ನಿಮಿಷ ಬಿಡಬೇಕು. ಹುರಿಯುವಾಗ ಬೀಜದೊಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಈಗ ಹೊರಬಂದು ಪುಡಿ ಗುಳ್ಳೆಗಟ್ಟಿ ಉಬ್ಬುತ್ತದೆ. ಉಬ್ಬದೆ ಮಲಗಿದ್ದರೆ ಬೀಜ ಹುರಿದು ಬಹಳ ದಿನಗಳಾಗಿವೆಯೆಂದೇ ತಿಳಿಯಬೇಕು. ಉಳಿದ ನೀರನ್ನು ಎರಡು ಮೂರು ಕಂತುಗಳಲ್ಲಿ, ನಡುವಿನಿಂದ ಹೊರಕ್ಕೆ ಸುತ್ತುತ್ತ, ಅಂಚಿನ ಕಾಗದಕ್ಕೆ ನೇರವಾಗಿ ಬೀಳದಂತೆ ಹುಯ್ಯತಕ್ಕದ್ದು. ಎಲ್ಲ ನೀರೂ ಇಳಿದ ಮೇಲೆ ಕಾಗದದಲ್ಲಿ ಉಳಿದ ಚರಟವನ್ನು ಎಸೆಯುವ ಮುನ್ನ ಒಮ್ಮೆ ನೋಡುವುದು ಒಳ್ಳೆಯ ಅಭ್ಯಾಸ. ಅದು ಸಮತಟ್ಟಾಗಿದ್ದರೆ ನೀರು ಸಮನಾಗಿ ಹಾದಿದೆ; ಒಂದು ಪಕ್ಕದಲ್ಲಿ ಕುಳಿ ಬಿದ್ದಿದ್ದರೆ ನೀರು ಅಲ್ಲೇ ಸಲೀಸಾದ ದಾರಿ ಮಾಡಿಕೊಂಡು ಉಳಿದ ಪುಡಿಯನ್ನು ಮುಟ್ಟದೆಯೇ ಇಳಿದಿದೆ.

ರುಚಿ ನೋಡುವ ಕ್ರಮವೂ ಕಲಿಯತಕ್ಕದ್ದೇ. ಪುಡಿಯ ಸಾರದಲ್ಲಿ ಹುಳಿಯ ಅಂಶಗಳು ಮೊದಲು, ಸಿಹಿಯವು ಅನಂತರ, ಕಹಿ ಮತ್ತು ಒಗರಿನವು ಕೊನೆಯಲ್ಲಿ ಇಳಿಯುತ್ತವೆ. ಹುಳಿ ಚುಚ್ಚುವಂತಿದ್ದು ಹಿಂದೆ ಸಿಹಿಯಿಲ್ಲದಿದ್ದರೆ ಸಾರ ಕಡಿಮೆ ಇಳಿದಿದೆಯೆಂದೂ, ಬಾಯಿ ಒಣಗಿಸುವ ಒಗರು ಉಳಿದರೆ ಅತಿಯಾಗಿ ಇಳಿದಿದೆಯೆಂದೂ ಅರಿತು, ಮೊದಲನೆಯದಕ್ಕೆ ಪುಡಿಯನ್ನು ನಯವಾಗಿಸಿ, ಎರಡನೆಯದಕ್ಕೆ ತರಿಯಾಗಿಸಿ ತಿದ್ದಿಕೊಳ್ಳಬೇಕು. ಸುಡುವ ಕಾಫಿಯಲ್ಲಿ ನಾಲಗೆಗೆ ಶಾಖವೇ ಮುಖ್ಯವಾಗುವುದರಿಂದ, ಸ್ಟೀಲ್ ಲೋಟದಲ್ಲಿ ಹೊಗೆಯಾಡುತ್ತಲೇ ಕುಡಿದು ರೂಢಿಯಾದವರು ಇಲ್ಲಿ ಸ್ವಲ್ಪ ತಾಳ್ಮೆ ತಂದುಕೊಂಡು, ಬಿಸಿಯಲ್ಲೊಮ್ಮೆ, ಉಗುರುಬೆಚ್ಚಗಾದಾಗೊಮ್ಮೆ, ಆರಿದ ಮೇಲೊಮ್ಮೆ ಗುಟುಕರಿಸಬೇಕು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಎಸ್. 795 ತಳಿಯ ಚಿಕ್ಕಮಗಳೂರು ಅರೇಬಿಕಾವನ್ನು, ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ರೂಪದಲ್ಲೊಮ್ಮೆ, ಹಣ್ಣಾಗಿಯೇ ಒಣಗಿಸಿದ ಚೆರ್ರಿಯಾಗಿ ಇನ್ನೊಮ್ಮೆ ಇಳಿಸಿ ಹೋಲಿಸಿದರೆ, ಮೊದಲನೆಯದರ ತಿಳಿಯಾದ ಹುಳಿಗೂ ಎರಡನೆಯದರ ದಟ್ಟ ಹಣ್ಣುವಾಸನೆಗೂ ಇರುವ ಅಂತರ ಹೊಸಬರಿಗೂ ಗೋಚರಿಸುತ್ತದೆ. ಮಳೆಗಾಲದ ಗಾಳಿಗೊಡ್ಡಿದ ಮಾನ್ಸೂನ್ಡ್ ಮಲಬಾರ್ ಬೀಜದಲ್ಲಿ ಹುಳಿ ಬಹಳ ಕಡಿಮೆ ಮತ್ತು ಗಟ್ಟಿತನವೇ ಪ್ರಧಾನವಾದ್ದರಿಂದ, ಕಾಗದವು ಅದರ ಸೊಬಗಿಗೆ ಅಷ್ಟಾಗಿ ನೆರವಾಗುವುದಿಲ್ಲ.

ಇವೆಲ್ಲವನ್ನೂ ತೂಗಿ ನೋಡಿದಾಗ, ಮೊದಲ ಬಾರಿಗೆ ಕೊಳ್ಳುವವರಿಗೆ ಸಣ್ಣ ಗಾತ್ರದ, ಪ್ಲಾಸ್ಟಿಕ್ಕಿನ, ಮೆಲಿಟ್ಟಾ ಮಾದರಿಯ ಒಂದು ಡ್ರಿಪ್ಪರು ಮತ್ತು ಕೈಯಿಂದ ತಿರುಗಿಸುವ ಒಂದು ಗ್ರೈಂಡರು ಸಾಕು. ಸಪೂರ ಮೂತಿಯ ಕೆಟಲನ್ನೂ ವಿ60ಯನ್ನೂ ಕೈ ಪಳಗಿದ ಮೇಲೆ ತಂದುಕೊಳ್ಳಬಹುದು. ಒಂದು ಮಾದರಿಯ ಕಾಗದ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲವಾದ್ದರಿಂದ, ಯಾವುದನ್ನೇ ಆರಿಸಿದರೂ ಅದರ ಗಾತ್ರದ ಕಾಗದ ತಮ್ಮ ಊರಿನಲ್ಲಿ ವರ್ಷವಿಡೀ ಸಿಗುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಿಕೊಳ್ಳಬೇಕು.